ಹಸಿರಾಗಬೇಕಿದ್ದ ಆರು ಸವಾರರು

೧

ಎಲ್ಲಿಂದ ಶುರು ಮಾಡಲಿ, ನೀವೇ ಹೇಳಿ. ಲಯನೆಲ್ ಟಿಂಡಲನ ಹೆಬ್ಬೆರಳಿನಿಂದ ಶುರು ಮಾಡಿದರೆ ಕಥೆಯ ಗುಟ್ಟು ಮೊದಲ ಸಾಲಿನಲ್ಲೇ ರಟ್ಟಾಗುತ್ತದೆ. ನೆಪೋಲಿಯನ್ನನಿಂದ ಶುರು ಮಾಡಿದರೆ ಇದೇನೋ ಇತಿಹಾಸದ ಪಾಠ ಅಂದುಕೊಂಡು ನೀವು ಪುಟ ತಿರುಗಿಸುತ್ತೀರಿ. ನಾಲ್ಕು ಸಲ ಬರೆದು ಹರಿದಿದ್ದೇನೆ. ಐದನೆಯ ಸಲ ಕೂತವಳು ಆಗಲೇ ಮೂರು ಸಲ ಎದ್ದು ಕೆಟಲ್ ಹಾಕಿದ್ದೇನೆ, ಚಹಾ ಮಾತ್ರ ಒಂದು ಸಲವೂ ಮಾಡಿಲ್ಲ.

ಹೋಗಲಿ, ತಪ್ಪಿನಿಂದಲೇ ಶುರು ಮಾಡುತ್ತೇನೆ. ನಾನು ಇನ್ನೊಬ್ಬರ ಕುದುರೆ ಸವಾರನಿಗೆ ಕುಂಚ ಮುಟ್ಟಿಸಿದೆ.

(ಅಷ್ಟೇನಾ ಅನ್ನಬೇಡಿ. ಇಂಗ್ಲಿಷರ ನಾಡಿನ ಟ್ರೆಂಟ್ ನದಿ ದಂಡೆಯ ನಮ್ಮೂರಿನ ಮೆಥಡಿಸ್ಟ್ ಚರ್ಚಿನ ಹಾಲ್‌ನಲ್ಲಿ ಶನಿವಾರ ಬೆಳಿಗ್ಗೆ ಸೇರುವ ಒಂಬತ್ತು ಜನರ ಮುಂದೆ ಹೋಗಿ ಇದನ್ನು ಹೇಳಿ ನೋಡಿ. ಅವರ ಹಲ್ಲುಜ್ಜುವ ಬ್ರಷ್ಷನ್ನು ನೀವು ಬಳಸಿದರೂ ಕ್ಷಮಿಸಿಯಾರು.)

೨

ಈ ಒಂಬತ್ತು ಜನ ಮಾಡುವುದಿಷ್ಟು. ಎರಡು ಬೆರಳು ಎತ್ತರದ ಲೋಹದ ಸವಾರರನ್ನು ತಂದು, ಇನ್ನೂರು ವರ್ಷದ ಹಿಂದಿನ ಸಮವಸ್ತ್ರದ ಬಣ್ಣವನ್ನು ಗುಂಡಿಗುಂಡಿಗೂ ಹಚ್ಚಿ, ಹಸಿರು ಬಟ್ಟೆ ಹಾಸಿದ ಟೇಬಲಿನ ಮೇಲೆ ದಾಳ ಹಾಕಿ ಯುದ್ಧ ಮಾಡುವುದು. ಒಂಬತ್ತರಲ್ಲಿ ನಾನೊಬ್ಬಳೇ ಹೆಂಗಸು. ಮೂವತ್ತೊಂದು ವರ್ಷ ಇಲ್ಲಿನ ಆಸ್ಪತ್ರೆಯಲ್ಲಿ ನರ್ಸಾಗಿದ್ದೆ, ಅದಕ್ಕೇ ಎಲ್ಲರಿಗೂ ಇನ್ನೂ ಸಿಸ್ಟರ್. ಬಣ್ಣ ಹಚ್ಚುವುದರಲ್ಲಿ ನನ್ನದು ಗೋಡೆಗೆ ಸುಣ್ಣ ಬಳಿದಷ್ಟೇ ನಾಜೂಕು. ಹಾಗಾಗಿ ಸವಾರರ ಕಾಲಡಿಯ ಹಲಗೆಗೆ ಮರಳು, ಹುಲ್ಲು ಅಂಟಿಸುವ ಕೆಲಸ ಕೊಟ್ಟಿದ್ದಾರೆ. ಎಲ್ಲರ ಪಡೆಯೂ ಟೇಬಲಿಗೆ ಹೋಗುವ ಮುಂಚೆ ಒಂದು ವಾರ ನನ್ನ ಮನೆಯಲ್ಲಿರುತ್ತದೆ.

ಲಯನೆಲ್‌ಗೆ ಎಪ್ಪತ್ತೆಂಟು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವನು. ತೊಗರಿಬೇಳೆಗಿಂತ ಚಿಕ್ಕದಾದ ಮುಖದಲ್ಲಿ ಎರಡು ಕಣ್ಣು, ಕಣ್ಣೊಳಗೆ ಪಾಪೆ, ಎಲ್ಲವನ್ನೂ ಬರೆಯಬಲ್ಲವನು ಕ್ಲಬ್ಬಿನಲ್ಲಿ ಅವನೊಬ್ಬನೇ. ಮಿಕ್ಕವರು ಹುಬ್ಬಿನ ಕೆಳಗೊಂದು ನೆರಳು ಎಳೆದು ಕೈ ತೊಳೆದುಕೊಳ್ಳುತ್ತಾರೆ.

೩

ಮಾರ್ಚ್ ತಿಂಗಳ ಎರಡನೆಯ ಶನಿವಾರ ಲಯನೆಲ್ ಒಂದು ಶೂ ಡಬ್ಬಿ ನನ್ನ ಕೈಗಿಟ್ಟ. ಫ್ರೆಂಚರ ಏಳನೆಯ ಹುಸಾರ್ ಕುದುರೆ ಪಡೆ, ಹನ್ನೆರಡು ಸವಾರರು.

"ಹಸಿರು ಹೆಂಗೆ ಬಂದಿದೆ ನೋಡು," ಅಂದ. "ಸುಮ್ನೆ ಅಲ್ಲ, ಮೂರು ತೆಳ್ಳನೆ ಕೋಟು ಬಣ್ಣ."

ನೋಡಿದೆ. ಕಡುಹಸಿರು ಅಂಗಿ, ಕೆಂಪು ಷರಾಯಿ ಇರಬೇಕಾದ ಪಡೆ ಅದು. ಆರು ಜನ ಹಾಗೇ ಇದ್ದರು. ಇನ್ನಾರು ಜನರ ಅಂಗಿ ಕಂದು. ಚಾಕೊಲೇಟ್ ಕಂದು.

"ಚೆನ್ನಾಗಿ ಬಂದಿದೆ," ಅಂದೆ.

(ಮೊದಲ ಸಲ ಬರೆದ ಪ್ರತಿಯಲ್ಲಿ ನಾನು ಅಲ್ಲೇ ನಿಜ ಹೇಳಿಬಿಡುತ್ತೇನೆ. ಎಷ್ಟು ಧೈರ್ಯಸ್ಥೆ ಅಂತ ನನಗೇ ನಗು ಬಂದು ಹರಿದು ಹಾಕಿದೆ.)

ಯಾಕೆ ಹೇಳಲಿಲ್ಲವೆಂದರೆ, ಆರ್ಥರ್. ಹೋದ ವರ್ಷ, ನಮ್ಮ ಜೊತೆ ಬಣ್ಣ ಹಚ್ಚುತ್ತಿದ್ದ ಆರ್ಥರನ ಕೈ ನಡುಗಲು ಶುರುವಾದಾಗ ಕ್ಲಬ್ಬಿನ ಕಾರ್ಯದರ್ಶಿ ನೈಜೆಲ್ ಬಹಳ ಒಳ್ಳೆಯ ಮಾತಿನಲ್ಲಿ ಅವನಿಂದ ಕುಂಚ ತೆಗೆದುಕೊಂಡು ಚಹಾದ ಉಸ್ತುವಾರಿ ಕೊಟ್ಟ. ಬಿಸ್ಕತ್ತು ಕೂಡ ಅವನದೇ ಆಯ್ಕೆ ಅಂದ. ಆರ್ಥರ್ ಐದು ಶನಿವಾರ ಕೆಟಲ್ ಹಾಕಿದ, ಆರನೆಯ ಶನಿವಾರದಿಂದ ಬರಲಿಲ್ಲ. ಈ ಆರು ಕಂದು ಅಂಗಿಗಳನ್ನು ನೈಜೆಲ್ ನೋಡಿದನೋ, ಲಯನೆಲ್‌ಗೂ ಕೆಟಲೇ ಗತಿ.

ಶುಕ್ರವಾರ ಮಧ್ಯಾಹ್ನ ಅಡುಗೆಮನೆಯ ಕಿಟಕಿ ಪಕ್ಕ ಕೂತು ಆರು ಜನರಿಗೂ ಹಸಿರು ಬಳಿದೆ. ನಡುವೆ ಮೈಮರೆತು ಕುಂಚವನ್ನು ಚಹಾದಲ್ಲಿ ಅದ್ದಿ, ಬಣ್ಣದ ನೀರನ್ನು ಕುಡಿದೆ. ಅದು ಕ್ಲಬ್ಬಿನಲ್ಲಿ ಎಲ್ಲರಿಗೂ ಆಗುವಂಥದ್ದೇ, ಆವತ್ತು ಮಾತ್ರ ನನಗೆ ಶಿಕ್ಷೆ ಅನ್ನಿಸಿತು.

೪

ಇಲ್ಲಿಗೆ ಬಂದಾಗಲೆಲ್ಲ ಲಯನೆಲ್ ಅಡ್ಡ ಬರುತ್ತಾನೆ. (ಕಥೆಯೊಳಗಿನ ಲಯನೆಲ್. ಹೊರಗಿನವನು ಈ ಹೊತ್ತಿಗೆ ಮನೆಯಲ್ಲಿ ಮೊಟ್ಟೆ ಬೇಯಿಸುತ್ತಿರುತ್ತಾನೆ.)

"ನನ್ನ ಯಾವ ಭಾಷೇಲಿ ಮಾತಾಡಿಸ್ತಿದೀಯ?"

"ಕನ್ನಡದಲ್ಲಿ."

"ಚೆನ್ನಾಗಿ ಮಾತಾಡ್ತೀನಾ?"

"ಬೇಕಾದ್ದಕ್ಕಿಂತ ಜಾಸ್ತೀನೇ."

"ಸರಿ. ಆದ್ರೆ ನಂಗೇನೂ ಗೊತ್ತಿರಲಿಲ್ಲ ಅನ್ನೋ ಥರ ಬರೀತಾ ಇದೀಯಲ್ಲ. ಅದನ್ನ ಯಾರು ಹೇಳಿದ್ರು ನಿಂಗೆ?"

"ಕಥೆ ನಂದು. ನೀನು ನಿನ್ನ ಪುಟದಲ್ಲಿ ಕೂತ್ಕೋ."

"ಕುದುರೆ ನಂದಾಗಿತ್ತು. ಅದನ್ನ ಬಿಟ್ಟೆಯಾ ನೀನು?"

ಎರಡನೆಯ ಪ್ರತಿಯನ್ನೂ ಹರಿದೆ.

೫

ಮರುದಿನ ಶನಿವಾರ. ಹಾಲ್‌ನಲ್ಲಿ ಬೇಕನ್ ತುಂಬಿದ ಕಾಬ್ ಬನ್ನಿನ ವಾಸನೆ, ಮೂರು ಟೇಬಲ್ ಜೋಡಿಸಿದ ರಣರಂಗ. ಆ ಕಡೆ ಇಂಗ್ಲಿಷ್ ಪಡೆಗೆ ನೈಜೆಲ್, ಈ ಕಡೆ ಫ್ರೆಂಚ್ ಕುದುರೆಗಳಿಗೆ ಲಯನೆಲ್.

ಒಂದು ವಿಷಯ ಹೇಳಬೇಕು. ಹೊಸ ಬಣ್ಣದ ಪಡೆ ಮೊದಲ ದಿನ ಓಡಿಹೋಗುತ್ತದೆ. ನಿಯಮದ ಪುಸ್ತಕದಲ್ಲಿಲ್ಲ, ಆದರೂ ಎಲ್ಲರಿಗೂ ಗೊತ್ತು. ಎಷ್ಟು ಅಂದವಾಗಿ ಹಚ್ಚಿದ್ದೀರೋ ಅಷ್ಟು ಬೇಗ ದಾಳ ಕೈ ಕೊಡುತ್ತದೆ. ಲಯನೆಲ್‌ನ ಪಡೆಗಳಂತೂ ನಲವತ್ತು ವರ್ಷದಿಂದ ತಪ್ಪದೆ ಓಡಿವೆ, ಅದು ಅವನಿಗೊಂದು ಹೆಮ್ಮೆ.

"ಬಾಗಿಲು ತೆಗೆದಿಡ್ಲಾ ಲಯನೆಲ್?" ಅಂದ ನೈಜೆಲ್. "ನಿನ್ನ ಹುಡುಗರು ಮನೆಗೆ ಹೊರಡೋ ಹೊತ್ತಾಯ್ತು."

"ಕೋಟ್ ಹಾಕ್ಕೊಳ್ಳೋಕಾದ್ರೂ ಬಿಡು ಮಾರಾಯ," ಅಂದು ಲಯನೆಲ್ ದಾಳ ಉರುಳಿಸಿದ.

ನಿಂತರು. ಹುಸಾರರು ಓಡಲೇ ಇಲ್ಲ. ನೈಜೆಲ್ ಮತ್ತೆ ನುಗ್ಗಿದ, ಮತ್ತೆ ನಿಂತರು. ಮೂರನೆಯ ಸಲ ಎರಡು ಆರು ಬಿತ್ತು. ಕ್ಲಬ್ಬಿನ ಚರಿತ್ರೆಯಲ್ಲೇ ಮೊದಲು ಅಂತ ಎಲ್ಲರೂ ಚಪ್ಪಾಳೆ ಹೊಡೆದರು. ಲಯನೆಲ್ ಹೊಡೆಯಲಿಲ್ಲ. ಅವನು ಒಬ್ಬ ಸವಾರನನ್ನು ಎತ್ತಿಕೊಂಡು, ಅವನ ಎದೆಯ ಮೇಲೆ ಹೆಬ್ಬೆರಳು ಆಡಿಸಿದ. ಹುಸಾರನ ಎದೆಯ ಮೇಲೆ ಸಾಲುಸಾಲು ದಾರದ ಕಸೂತಿ ಇರುತ್ತದೆ, ಉಬ್ಬಾಗಿ, ನಡುವೆ ಸಣ್ಣ ಕಾಲುವೆ. ನನ್ನ ಬಣ್ಣ ಆ ಕಾಲುವೆಗಳನ್ನೆಲ್ಲ ತುಂಬಿಬಿಟ್ಟಿತ್ತು. ಕೆಳಗಿಟ್ಟು ಇನ್ನೊಬ್ಬನನ್ನು ಎತ್ತಿಕೊಂಡ. ಆಮೇಲೆ ಇನ್ನೊಬ್ಬನನ್ನು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಯಾರೂ ಏನೂ ಅನ್ನುವ ಮೊದಲೇ ನಾನು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಿದ್ದೆ.

"ಸಿಸ್ಟರ್," ಅಂದ ಲಯನೆಲ್, "ಸ್ವಲ್ಪ ಹೊರಗೆ ಬಾ."

೬

ಇಲ್ಲಿ ನಿಮಗೆ ಬೇಕಾದ ಅಂತ್ಯ ಆರಿಸಿಕೊಳ್ಳಿ. ಅ: ಅವನು ಬೈಯುತ್ತಾನೆ, ನಾನು ಅಳುತ್ತೇನೆ. ಆ: ಅವನು ನನ್ನ ಕೈ ಹಿಡಿದು ಥ್ಯಾಂಕ್ಸ್ ಹೇಳುತ್ತಾನೆ, ಇಬ್ಬರೂ ಅಳುತ್ತೇವೆ. ಇ: ಅವನು ಸಾಯುತ್ತಾನೆ. (ಕಥೆಯಲ್ಲಿ ಮುದುಕರನ್ನು ಸಾಯಿಸುವುದು ಬಹಳ ಸುಲಭ. ಕಥೆಗಾರರಿಗೆ ಅದೊಂದು ಚಟ. ಮೂವತ್ತೊಂದು ವರ್ಷ ಅವರನ್ನು ಉಳಿಸುವ ಕೆಲಸ ಮಾಡಿದವಳು ನಾನು, ನನ್ನಿಂದಾಗದು.)

ಆದದ್ದು ಇದು. ಹಾಲ್‌ನ ಹಿಂದಿನ ಬೆಂಚಿನ ಮೇಲೆ ಕೂತೆವು.

"ಎಷ್ಟು?" ಅಂದ.

"ಏನೆಷ್ಟು?"

"ಎಷ್ಟು ಜನ ತಪ್ಪಾಗಿದ್ರು?"

"ಆರು. ನೀನು ಕಂದು ಹಚ್ಚಿದ್ದೆ."

ಅವನು ಲೆಕ್ಕ ಹಾಕಿದ. "ಮ್ಯಾವಿಸ್ ಧೂಳು ಹೊಡೆದ ದಿನ," ಅಂದ. ಮ್ಯಾವಿಸ್ ಅವನ ಹೆಂಡತಿ. "ಎಡಗಡೆಯಿಂದ ಮೂರನೇ ಸೀಸೆ ಹಸಿರು, ನಾಲ್ಕನೇದು ಕಂದು. ಅವಳು ಒರೆಸಿ ವಾಪಸ್ ಇಡುವಾಗ ಅದಲು ಬದಲು ಮಾಡಿರ್ಬೇಕು."

"ಸೀಸೆ ಮೇಲೆ ಹೆಸರಿಲ್ವಾ?"

"ಅದನ್ನ ಓದಿ ಒಂದೂಕಾಲು ವರ್ಷ ಆಯ್ತು. ನೆಟ್ಟಗೆ ನೋಡಿದ್ರೆ ನಡುವೆ ಬರೀ ಮಬ್ಬು. ಅಂಚಲ್ಲಿ ಸ್ವಲ್ಪ ಕಾಣುತ್ತೆ."

"ಮತ್ತೆ ಅಷ್ಟು ಸಣ್ಣ ಕಣ್ಣುಗಳನ್ನ ಹೆಂಗೆ ಬರೀತೀಯ?"

"ಅದು ಕೈಗೆ ಗೊತ್ತು. ಬಣ್ಣ ಯಾವುದು ಅನ್ನೋದು ಕೈಗೆ ಗೊತ್ತಾಗಲ್ಲ, ಅಷ್ಟೇ."

ನನಗೆ ನಾಚಿಕೆಯೂ ಆಯಿತು, ಸಿಟ್ಟೂ ಬಂತು. ಒಬ್ಬ ನರ್ಸಿನ ಎದುರಿಗೆ ವಾರ ವಾರ ಕೂತು ಕಾಬ್ ತಿಂದವನು ಇದನ್ನು ಬಚ್ಚಿಟ್ಟಿದ್ದ.

"ನಂಗೆ ಹೇಳ್ಬೇಕಿತ್ತು ನೀನು," ಅಂದೆ.

"ನೀನೂ ನಂಗೆ ಹೇಳ್ಬೇಕಿತ್ತು."

"ಹೇಳಿದ್ರೆ ಕುಂಚ ಕೆಳಗಿಡ್ತೀಯ ಅನ್ಕೊಂಡೆ."

"ನಾನೂ ಅದಕ್ಕೇ ಹೇಳ್ಲಿಲ್ಲ. ಆರ್ಥರ್ ಕೈಗೆ ಎಷ್ಟು ಪ್ರೀತಿಯಿಂದ ಕೆಟಲ್ ಕೊಟ್ರು, ನೋಡಿದ್ಯಲ್ಲ." ಹೆಬ್ಬೆರಳನ್ನು ತೋರುಬೆರಳಿಗೆ ಉಜ್ಜಿದ. "ಇವತ್ತು ಅವರು ನಿಂತಾಗ್ಲೇ ಗೊತ್ತಾಯ್ತು, ಸಿಸ್ಟರ್. ನನ್ನ ಬಣ್ಣ ಹಚ್ಕೊಂಡವರು ಯಾವತ್ತೂ ನಿಂತಿಲ್ಲ."

ಅಷ್ಟು ಹೇಳಿ ಒಳಗೆ ಹೋಗಿ, ತನ್ನ ಹನ್ನೆರಡು ಜನರನ್ನು ಡಬ್ಬಿಗೆ ಹಾಕಿಕೊಂಡು ಮನೆಗೆ ಹೋದ. ಆರ್ಥರ್ ಕೂಡ ಹೀಗೇ ಹೋಗಿದ್ದ. ಆ ಭಾನುವಾರ ನಾನು ಒಂದು ಕಡೆ ಕೂರಲಿಲ್ಲ, ಮೆಟ್ಟಿಲು ಹತ್ತಿದ್ದೇ ಇಳಿದಿದ್ದೇ.

೭

ಕಥೆ ಅಲ್ಲಿಗೆ ನಿಲ್ಲಿಸಿದ್ದರೆ ಚೆಂದವಿತ್ತು, ದುಃಖದ ಕಥೆ ಅಂತ ನೀವೂ ಒಪ್ಪಿಕೊಳ್ಳುತ್ತಿದ್ದಿರಿ. ಆದರೆ ಇವತ್ತು ಬುಧವಾರ, ಈ ಪುಟ ಬರೆಯುತ್ತಿರುವಾಗಲೇ ಬಾಗಿಲ ಬೆಲ್ ಆಯಿತು. ಲಯನೆಲ್. ಹೊರಗಿನವನು. ಕೈಯಲ್ಲಿ ಬಣ್ಣದ ಸೀಸೆಗಳಿದ್ದ ಹಳೆಯ ಬಿಸ್ಕತ್ತಿನ ಡಬ್ಬಿ, ಜೇಬಿನಲ್ಲಿ ಕರವಸ್ತ್ರದಲ್ಲಿ ಸುತ್ತಿದ ಆರು ಸವಾರರು. ಬಣ್ಣವನ್ನೆಲ್ಲ ನೆನೆಸಿ ಉಜ್ಜಿ ತೆಗೆದಿದ್ದ, ಬೆತ್ತಲೆ ಲೋಹ ಹೊಳೆಯುತ್ತಿತ್ತು.

"ಏನು ದಪ್ಪ ಬಳಿದಿದ್ದೆ ಮಾರಾಯ್ತಿ. ಹೋಗೋಕೆ ಎರಡು ದಿನ ಬೇಕಾಯ್ತು."

ಕಿಟಕಿ ಪಕ್ಕ ಕೂತ. ನನ್ನ ಕಾಗದಗಳನ್ನು ಕೇಳದೆಯೇ ಸರಿಸಿದ. "ಇದೇನಾ ನಿನ್ನ ಕಥೆ? ನಾನಿದೀನಾ?"

"ಇದೀಯ. ಹೆಂಗೆ ಮುಗಿಸೋದು ತಿಳೀತಿಲ್ಲ."

"ಮುಗಿಸ್ಬೇಡ. ನಂದಿನ್ನೂ ಆರು ಜನ ಬಾಕಿ. ಶನಿವಾರ ಟೇಬಲ್ ಮೇಲೆ ಇರ್ಬೇಕು."

"ನೈಜೆಲ್‌ಗೆ ಹೇಳ್ತೀಯಾ?"

"ಅವನು ದಾಳ ನೋಡಿ ತಿಳ್ಕೊಳ್ಲಿ. ನಂಗೆ ಒಂದೇ ಆಸೆ. ಈ ಸಲ ಓಡ್ಬೇಕು ಅವರು. ಬಾಗಿಲು ಮುರ್ಕೊಂಡು ಓಡ್ಬೇಕು."

(ಓಡುತ್ತಾರೋ ಇಲ್ಲವೋ ನನ್ನನ್ನು ಕೇಳಬೇಡಿ. ಇದನ್ನು ಬರೆಯುವವಳು ನಾನೇ, ಒಂದು ಸಾಲಿನಲ್ಲಿ ಓಡಿಸಿಬಿಡಬಹುದು. ಆದರೆ ಅವನ ಕುದುರೆಗೆ ಎರಡನೆಯ ಸಲ ಕೈ ಹಾಕುವುದಿಲ್ಲ.)

ಅವನು ಡಬ್ಬಿ ತೆಗೆದು, ಬೆರಳಲ್ಲಿ ಎಣಿಸಿ, ಒಂದೊಂದು ಕೈಯಲ್ಲಿ ಒಂದೊಂದು ಸೀಸೆ ಎತ್ತಿ ಹಿಡಿದ. ನನ್ನ ಮುಖದ ಕಡೆ ನೋಡದೆ, ಸ್ವಲ್ಪ ಪಕ್ಕಕ್ಕೆ, ಎಲ್ಲಿ ನೋಡಿದರೆ ನಾನು ಅಂಚಿನಲ್ಲಿ ಕಾಣುತ್ತೇನೋ ಅಲ್ಲಿ ನೋಡಿದ.

"ಹಸಿರು ಯಾವುದು, ಸಿಸ್ಟರ್?"

"ಎಡಗೈಲಿರೋದು," ಅಂದೆ.

ಅವನು ಕುಂಚದ ತುದಿಯನ್ನು ತುಟಿಯಲ್ಲಿ ಚೂಪು ಮಾಡಿಕೊಂಡ. ನಾನು ಪೆನ್ನು ಕೆಳಗಿಟ್ಟು, ಕೊನೆಗೂ ಮಾಡಿಕೊಟ್ಟ ಅವನ ಚಹಾ ಲೋಟವನ್ನು ಬಣ್ಣದ ನೀರಿನಿಂದ ದೂರ ಸರಿಸುತ್ತಿದ್ದೇನೆ, ಮೊದಲ ಸವಾರನ ಒಂದು ತೋಳು ಮಾತ್ರ ಹಸಿರಾಗಿದೆ, ಇನ್ನೂ