ಮೂಲೆಯಿಂದ ಬಂದ ಚೆಂಡುಗಳು

ನಮ್ಮ ಬುರುಡೆ ಹೊಡೆದ ಗೋಲುಗಳನ್ನು ಯಾರಾದರೂ ಹೊಗಳತೊಡಗಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಅವನು ನಮ್ಮ ಫುಟ್‌ಬಾಲ್ ತಂಡದ ಸ್ಟ್ರೈಕರ್. ಎಡಗಡೆಯ ಗೆರೆಯಗುಂಟ ಉಸಿರುಗಟ್ಟಿ ಓಡಿ, ಎದುರಾಳಿಗಳ ಒದೆ ತಿಂದು, ಮೂಲೆಯಿಂದ ಚೆಂಡನ್ನು ಎತ್ತಿ ಒದ್ದು ಅವನ ಹಣೆಗೆ ಮುಟ್ಟಿಸುತ್ತಿದ್ದವನು ನಾನು. ಅವನು ಒಮ್ಮೆ ಹಾರಿ ತಲೆ ಕೊಟ್ಟರೆ ಸಾಕು, ಚಪ್ಪಾಳೆ, ಫೋಟೊ, ಎಲ್ಲ ಅವನಿಗೇ. ಅವನಿಗೆ ಬುರುಡೆ ಎಂದು ಹೆಸರಿಟ್ಟವನು ನಾನೇ. ಅವನು ಸೇಡು ತೀರಿಸಿಕೊಳ್ಳಲು ನನ್ನನ್ನು ಮೂಲೆ ಎಂದ. ಬೇರೆ ಯಾರೂ ನನ್ನನ್ನು ಹಾಗೆ ಕರೆಯಲಿಲ್ಲ. ಕರೆಯಬೇಕೆಂದರೆ ನಾನು ಅವರಿಗೆ ನೆನಪಿರಬೇಕಲ್ಲ.

ನಾವು ಆಡುತ್ತಿದ್ದುದು ಒಂದು ಬ್ಯಾಂಕಿನ ತಂಡಕ್ಕೆ. ಇಬ್ಬರ ಮಂಡಿಯೂ ಕೈಕೊಟ್ಟ ಮೇಲೆ ಬ್ಯಾಂಕು ಅವನನ್ನು ಕೌಂಟರಿನಲ್ಲಿ ಕೂರಿಸಿತು, ನನ್ನನ್ನು ಹಿಂದಿನ ದಾಖಲೆ ಕೋಣೆಗೆ ದಬ್ಬಿತು. ಪಕ್ಕದ ಕೌಂಟರು ಖಾಲಿಯಿದ್ದರೂ ಜನ ಅವನೆದುರೇ ಸಾಲು ನಿಲ್ಲುತ್ತಿದ್ದರು. ಅವನೋ, ಚೆಕ್ಕಿಗೆ ಮುದ್ರೆ ಒತ್ತುತ್ತ ಹಳೆಯ ಪಂದ್ಯವನ್ನೆಲ್ಲ ಮತ್ತೆ ಆಡಿ ತೋರಿಸುತ್ತಿದ್ದ. ಮ್ಯಾನೇಜರು ಹಲ್ಲು ಕಡಿಯುತ್ತಿದ್ದರು. ನಿವೃತ್ತಿ ಹತ್ತಿರವಾದಾಗ ಒಂದು ಮಧ್ಯಾಹ್ನ ಊಟಕ್ಕೆಂದು ಹೊರಗೆ ಹೋದವನು ಬ್ಯಾಂಕಿಗೆ ವಾಪಸು ಬರುವ ದಾರಿ ಮರೆತ. ನಾವೆಲ್ಲ ನಕ್ಕೆವು. ಆಮೇಲಾಮೇಲೆ ನಗುವಂಥದ್ದೇನೂ ಉಳಿಯಲಿಲ್ಲ.

ಈಗ ಪ್ರತಿ ಭಾನುವಾರ ಅವನ ಮನೆಗೆ ಹೋಗುತ್ತೇನೆ. “ನಲ್ಲಿ ರಿಪೇರಿಗೆ ಬಂದ್ರಾ? ಅಡುಗೆಮನೇಲಿದೆ, ನೋಡಿ” ಎನ್ನುತ್ತಾನೆ. ಜೀವಮಾನವಿಡೀ ನನ್ನನ್ನು ಏಕವಚನದಲ್ಲೇ ಬೈದವನು ಈಗ ಮರ್ಯಾದೆ ಕೊಟ್ಟು ಮಾತಾಡಿಸುತ್ತಾನೆ. ಆ ಬೈಗುಳವೇ ವಾಸಿಯಿತ್ತು. ಒಂದೇ ಒಂದು ಸಲ ಅವನು ನನ್ನನ್ನು ಮೂಲೆ ಎಂದು ಕರೆಯಲಿ, ಇನ್ನೇನೂ ಬೇಡ. ನಾನು ಆಡಿದ್ದೆ ಎನ್ನುವುದಕ್ಕೆ ಇರುವ ಸಾಕ್ಷಿ ಅವನೊಬ್ಬನೇ.

ಹೋದ ಭಾನುವಾರ ಚೀಲದಲ್ಲಿ ಚೆಂಡು ಹಾಕಿಕೊಂಡು ಹೋದೆ. ನನ್ನ ಮುಖ ಮರೆತರೇನು, ನನ್ನ ಚೆಂಡನ್ನು ಅವನ ಹಣೆ ಮರೆಯಲಾರದು ಎಂಬ ಲೆಕ್ಕಾಚಾರ ನನ್ನದು. ಹಿತ್ತಲ ಬಾಗಿಲಲ್ಲಿ ಅವನ ಹೆಂಡತಿ ನನ್ನನ್ನು ತಡೆದರು.

“ಒಂದು ಸಲ ಅಷ್ಟೇ, ಅತ್ತಿಗೆ. ಮೆತ್ತಗೆ ಹಾಕ್ತೀನಿ.”

“ಬೇಡಪ್ಪ. ಅಷ್ಟು ವರ್ಷ ತಲೇಲಿ ಹೊಡೆದ ಚೆಂಡುಗಳಿಂದ್ಲೇ ಹೀಗಾಗಿರಬಹುದು ಅಂದ್ರು ಡಾಕ್ಟ್ರು. ನಿಮಗೆ ಹೇಳೋದೇ ಬೇಡ ಅಂತಿದ್ದೆ.”

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ಆ ಚೆಂಡುಗಳನ್ನೆಲ್ಲ ಎತ್ತಿ ಕೊಟ್ಟವನು ನಾನು.

ಅಷ್ಟರಲ್ಲಿ ಅವನು ಚೆಂಡು ನೋಡಿಯಾಗಿತ್ತು. ಬಟ್ಟೆ ಒಣಹಾಕಿದ ಹಗ್ಗದ ಆಚೆ ಹೋಗಿ, ಒಂದು ಕೈ ಮೇಲೆತ್ತಿ, ಹಣೆ ಮುಂದೆ ಮಾಡಿ ನಿಂತುಬಿಟ್ಟಿದ್ದ. ಕಣ್ಣು ಹಳೆಯ ಕಣ್ಣೇ.

“ಹಾಕಿ” ಎಂದ.

ಈಗ ಎತ್ತಿ ಕೊಟ್ಟರೆ ಆ ಹೆಸರು ಅವನ ಬಾಯಿಂದ ಬಂದೇ ಬರುತ್ತದೆ ಎಂದು ನನಗೆ ಖಾತ್ರಿಯಿತ್ತು. ಚೆಂಡನ್ನು ಕೆಳಗಿಟ್ಟು, ಪಾದದಿಂದ ಮೆಲ್ಲಗೆ ಅವನ ಕಾಲಿನ ಬಳಿಗೆ ಉರುಳಿಸಿದೆ.

ಅವನು ಚೆಂಡನ್ನೂ ನನ್ನನ್ನೂ ನೋಡಿ ಮುಖ ಸಿಂಡರಿಸಿದ.

“ಏನ್ರೀ ಇದು? ಆಟ ಗೊತ್ತಿಲ್ದೋರ್ನೆಲ್ಲ ಯಾರು ಸೇರಿಸ್ಕೊಂಡ್ರು? ನಮ್ಮ ಮೂಲೆ ಆಗಿದ್ರೆ ಕಣ್ಮುಚ್ಕೊಂಡು ಹಣೆಗೆ ಇಡ್ತಿದ್ದ. ನಾನು ಸುಮ್ನೆ ನಿಂತಿದ್ರೆ ಸಾಕಿತ್ತು. ಗೋಲೆಲ್ಲ ಅವನ್ದೇ ಕಣ್ರೀ, ಜನಕ್ಕೆ ತಿಳೀಲೇ ಇಲ್ಲ.”

ಅತ್ತಿಗೆ ಬಾಗಿಲ ಚೌಕಟ್ಟು ಹಿಡಿದುಕೊಂಡರು.

“ಅವರು ಇವತ್ತು ಬರಲ್ವಾ?” ಎಂದು ಕೇಳಿದೆ.

“ಬರ್ತಾನೆ. ಯಾವಾಗ್ಲೂ ಲೇಟು ಅವನು. ಅಲ್ಲೀವರೆಗೂ ನೀವೇ ಹಾಕಿ, ಏನ್ಮಾಡೋದು.” ಚೆಂಡನ್ನು ನನ್ನತ್ತ ಒದ್ದ. “ಈ ಸಲವಾದ್ರೂ ಎತ್ತಿ ಹಾಕಿ.”

ನಾನು ಮತ್ತೆ ನೆಲದ ಮೇಲೇ ಉರುಳಿಸಿದೆ. ಅವನು ಬೈದ. ಬೆಳಕಿರುವವರೆಗೂ ಬೈಸಿಕೊಳ್ಳುತ್ತ ಉರುಳಿಸುತ್ತಲೇ ಇದ್ದೆ.