ದಿನದ ಗಾಡಿಯ ಬಾಯ್ಲರ್

ಕೊಪ್ಪಳ ಸ್ಟೇಶನ್ನಿನ ತಾರ್ ಮಾಸ್ತರ ಗವಿಸಿದ್ದಪ್ಪನಿಗೆ ಎರಡು ಹುಚ್ಚು. ಒಂದು, ಸ್ಟೇಶನ್ ಹಾಯ್ದುಹೋಗುವ ಇಂಜಿನ್‌ಗಳ ನಂಬರನ್ನು ಕೆಂಪು ರಟ್ಟಿನ ಪುಸ್ತಕದಲ್ಲಿ ಬರೆದಿಡುವುದು. ಇನ್ನೊಂದು, ಮನೆಯ ಪಡಸಾಲೆಯಲ್ಲಿ ತಾನೇ ಕೂಡಿಸಿದ ವಾಯರ್‌ಲೆಸ್ ಸೆಟ್ಟಿನ ಮುಂದೆ ಕುಳಿತು, ಕಾಣದ ದೇಶಗಳಲ್ಲಿರುವ ತನ್ನಂಥವರ ಜೊತೆ ಚುಕ್ಕೆ-ಗೆರೆಗಳ ತಾರಿನ ಭಾಷೆಯಲ್ಲಿ ಮಾತಾಡುವುದು. ಅದಕ್ಕೆ ಸರ್ಕಾರದ ಪರವಾನಿಗೆ ಇತ್ತು. ಬ್ಯಾಟರಿಯನ್ನು ಹತ್ತಿ ಜಿನ್ನಿನ ಗಿರಣಿಯ ಡೈನಮೊಕ್ಕೆ ಹಚ್ಚಿ ತುಂಬಿಸಿ, ಹೆಗಲ ಮೇಲೆ ಗೋಣಿಚೀಲ ಹಾಸಿಕೊಂಡು ಹೊತ್ತು ತರುತ್ತಿದ್ದ.

ಚಿಕ್ಕಂದಿನಲ್ಲಿ ಅವ್ವನ ತೊಡೆಯ ಮೇಲೆ ತಲೆಯಿಟ್ಟು ಮಠದ ಪುರಾಣ ಕೇಳುತ್ತ ಬೆಳೆದವನು ಅವನು. ಅರ್ಥ ತಿಳಿಯುವ ಮೊದಲೇ ಪದ್ಯದ ನಡೆ ಕಿವಿಗಿಳಿದಿತ್ತು. ಮುಂದೆ ತಾರ್ ಕಲಿಯಲು ಹೋದಾಗ ಉಳಿದವರು ತಿಂಗಳುಗಟ್ಟಲೆ ತಿಣುಕಿದ್ದನ್ನು ಎಂಟು ದಿನಕ್ಕೆ ಕಲಿತುಬಿಟ್ಟ. ಚುಕ್ಕೆಯೆಂದರೆ ಲಘು, ಗೆರೆಯೆಂದರೆ ಗುರು, ಉಳಿದದ್ದು ಓದುವವನ ಉಸಿರು.

ಗ್ಲಾಸ್ಗೊ ಪಟ್ಟಣದ ಜೇಮ್ಸ್ ಎಂಬುವನು ಆ ಗಾಳಿಯಲ್ಲೇ ಸಿಕ್ಕ ಗೆಳೆಯ. ಅವನಿಗೂ ಇವೇ ಎರಡು ಹುಚ್ಚು. ಮುಖ ನೋಡಿದ್ದಿಲ್ಲ, ದನಿ ಕೇಳಿದ್ದಿಲ್ಲ. ಆದರೂ ಅವನ ಕೈ ತಾರಿನ ಕೀ ಬಡಿಯುವ ರೀತಿಯಲ್ಲೇ ಅವತ್ತು ಅವನ ಮನಸ್ಸು ಸರಿಯಿದೆಯೋ ಇಲ್ಲವೋ ಗವಿಸಿದ್ದಪ್ಪನಿಗೆ ತಿಳಿಯುತ್ತಿತ್ತು.

ಜೇಮ್ಸನ ಅಪ್ಪ ಇಂಜಿನ್ ಕಾರ್ಖಾನೆಯಲ್ಲಿ ಬಾಯ್ಲರಿಗೆ ರಿವೆಟ್ ಮೊಳೆ ಬಡಿದವನು. ಬಡಿದು ಬಡಿದು ಎರಡೂ ಕಿವಿ ಹೋಗಿದ್ದವು. ಈಗ ಹಾಸಿಗೆ ಹಿಡಿದಿದ್ದ. ಹದಿನೆಂಟರ ಹರೆಯದಲ್ಲಿ ಅವನು ಕೈ ಹಚ್ಚಿದ ಮೊದಲ ಬಾಯ್ಲರಿನ ನಂಬರು 6142. ಅದು ಹಡಗು ಹತ್ತಿ ಇದೇ ರೇಲ್ವೆಗೆ ಬಂದಿತ್ತು. ಅದನ್ನು ಹೊತ್ತ ಇಂಜಿನ್ನಿಗೆ ಇಲ್ಲಿ 88 ಎಂದು ಹೆಸರು. ‘ಅದಿನ್ನೂ ಉಸಿರಾಡುತ್ತಿದೆಯೇ ಎಂದು ಅಪ್ಪ ದಿನಾ ಕೇಳುತ್ತಾನೆ’ ಎಂದು ಜೇಮ್ಸ್ ಕಳಿಸಿದಾಗ, ‘ನೋಡಿ ಹೇಳುತ್ತೇನೆ’ ಎಂದು ಗವಿಸಿದ್ದಪ್ಪ ಮಾತು ಕೊಟ್ಟ.

ಹತ್ತು ತಿಂಗಳು ಕಾದ. 88 ಬರಲಿಲ್ಲ. ಹುಬ್ಬಳ್ಳಿಯಿಂದ ಜನ, ಸಾಮಾನು ಎರಡನ್ನೂ ಹೊತ್ತು ದಿನಾ ಬರುವ ಮಿಕ್ಸೆಡ್ ಗಾಡಿಯ ಇಂಜಿನ್ 131 ಮಾತ್ರ ತಪ್ಪದೆ ಬರುತ್ತಿತ್ತು. ಒಂಬತ್ತು ವರ್ಷ ನೋಡಿ ಬೇಸತ್ತು ಅದರ ನಂಬರು ಬರೆಯುವುದನ್ನೂ ಬಿಟ್ಟಿದ್ದ, ಪುಸ್ತಕದಲ್ಲಿ ಒಂದು ಅಡ್ಡಗೆರೆ ಎಳೆದು ಮುಗಿಸುತ್ತಿದ್ದ. ಅದರ ಡ್ರೈವರ ಬಾಬಾಸಾಬ, “ವರ್ಕ್‌ಶಾಪಿನ್ಯಾಗ ಓಬಳೆಪ್ಪ ಅಂತ ಹಳೇ ಫಿಟ್ಟರ ಅದಾನ, ಕೇಳಿ ಹೇಳತೀನಿ ತಡೀರಿ ಮಾಸ್ತರ” ಎಂದಿದ್ದ.

ಅಷ್ಟರಲ್ಲಿ ಮೂವತ್ತೊಂಬತ್ತರ ಯುದ್ಧದ ಮೋಡ ಕವಿಯಿತು. ‘ನಮ್ಮ ಸೆಟ್ಟುಗಳ ಬಾಯಿ ಇಂದೋ ನಾಳೆಯೋ ಕಟ್ಟುತ್ತಾರೆ. ಕೇಳುವುದನ್ನಂತೂ ಬಿಡುವುದಿಲ್ಲ. ಇಲ್ಲಿ ಮಧ್ಯಾಹ್ನ ಎರಡಕ್ಕೆ ಕಿವಿಗೊಟ್ಟು ಕುಳಿತಿರುತ್ತೇನೆ. ಅಪ್ಪನಿಗೆ ಬಹಳ ದಿನವಿಲ್ಲ’ ಎಂದು ಜೇಮ್ಸ್ ಕಳಿಸಿದ್ದೇ ಕೊನೆ. ಅಲ್ಲಿ ಬೇಸಿಗೆಯ ಎರಡು ಗಂಟೆಯೆಂದರೆ ಇಲ್ಲಿ ಸಂಜೆ ಆರೂವರೆ.

ಮುಂದಿನ ಸೋಮವಾರ, ಶ್ರಾವಣದ ಸೋಮವಾರ, ಗವಿಸಿದ್ದಪ್ಪ ಒಪ್ಪತ್ತಿನಲ್ಲಿದ್ದ. ಪೊಲೀಸ್ ಜಮಾದಾರ ಶಬ್ಬೀರಸಾಬ ಬಂದು ಬಾಗಿಲಲ್ಲಿ ಕೆಮ್ಮಿದ.

“ಮಾಸ್ತರ, ಕಚೇರಿಯಿಂದ ಹುಕುಂ ಬಂದೈತ್ರಿ. ವಾಯರ್‌ಲೆಸ್ ಸಾಮಾನೆಲ್ಲಾ ಇವತ್ತು ದೀಪ ಹಚ್ಚೂದ್ರೊಳಗ ಜಪ್ತಿ ಆಗಬೇಕಂತ.”

“ದೀಪ ಹಚ್ಚೂತನ ಇರಬಹುದೇನ್ರಿ?”

“ಅಲ್ಲೀತನ ನಿಮ್ಮದು. ಸಂಜಿಮುಂದ ನಾನ ಬರತೀನಿ.”

ಒಳಗಿಂದ ಹೆಂಡತಿ ಪಾರಮ್ಮ, “ಇದನ್ನ ಜಪ್ತಿ ಮಾಡಿದ್ರ ಮನಿಯಾಗ ಒಂದು ಸವತಿ ಕಡಿಮಿ ಆದ್ಲು ತಗೋರಿ ಜಮಾದಾರ್ರ” ಎಂದಳು. ಆಮೇಲೆ ಗಂಡನ ಮುಖ ನೋಡಿ, ಜಮಾದಾರನಿಗೆ ನೀರು ತಂದಿಟ್ಟಳು.

ಮಧ್ಯಾಹ್ನ ಮಿಕ್ಸೆಡ್ ಗಾಡಿ ನಿಲ್ಲುವ ಮೊದಲೇ ಬಾಬಾಸಾಬ ಹೊರಗೆ ವಾಲಿ ಕೈಬೀಸಿದ.

“ಹತ್ರಿ ಮ್ಯಾಲ. ನೀರು ಹಿಡಿಯೂತನ ಹತ್ತು ನಿಮಿಷ ಐತಿ. ನಿಮ್ಮ ಎಂಬತ್ತೆಂಟು ಸತ್ತು ಆರು ವರ್ಷ ಆತಂತ. ಒಡದು ಗುಜರಿಗೆ ಹಾಕ್ಯಾರ.”

ಗವಿಸಿದ್ದಪ್ಪ ಕಂಬಿ ಹಿಡಿದು ನಿಂತೇಬಿಟ್ಟ.

“ಅರ್ಧಾ ಕೇಳಿ ಅಳಬ್ಯಾಡ್ರಿ. ಗಾಲಿ, ಚೌಕಟ್ಟು ಹ್ವಾದ್ವು. ಬಾಯ್ಲರ್ ಗಟ್ಟಿ ಇತ್ತಂತ. ತಗದು ಬ್ಯಾರೆ ಇಂಜಿನ್ನಿಗೆ ಕೂಡಿಸ್ಯಾರ. ಓಬಳೆಪ್ಪನ ಕೂಡಿಸಿದ್ದು.”

“ಯಾವುದಕ್ಕ?”

ಬಾಬಾಸಾಬ ಕೈಯಲ್ಲಿದ್ದ ಎಣ್ಣೆ ಅರಿವೆಯನ್ನು ಅವನಿಗೆ ಕೊಟ್ಟ. ಬೆಂಕಿಬಾಯಿಯ ಮೇಲಿನ ತಗಡಿನತ್ತ ಬೆರಳು ತೋರಿಸಿದ.

ಗವಿಸಿದ್ದಪ್ಪ ಒರೆಸಿದ. ತಗಡು ಕೈ ಸುಡುತ್ತಿತ್ತು. ವರ್ಷಗಳ ಮಸಿ ಪದರ ಪದರವಾಗಿ ಎದ್ದಿತು. ಮೊದಲು ಆರು ಕಂಡಿತು. ಆಮೇಲೆ ಒಂದು. ಆಮೇಲೆ ನಾಲ್ಕು, ಎರಡು. ಕೊನೆಯ ಎರಡು ಸ್ವಲ್ಪ ವಾಲಿತ್ತು, ಬಡಿದವನ ಕೈ ಇನ್ನೂ ಪಳಗಿರಲಿಲ್ಲ ಎನ್ನುವಂತೆ.

ಹೊರಗೆ ಇಂಜಿನ್ನಿನ ಮೈಮೇಲೆ ಹಿತ್ತಾಳೆಯ 131 ಎಂದಿನಂತೆ ಹೊಳೆಯುತ್ತಿತ್ತು. ಆರು ವರ್ಷದಿಂದ ದಿನಾ ಇದರ ಎದುರಿಗೇ ನಿಂತು ಅಡ್ಡಗೆರೆ ಎಳೆದಿದ್ದ. ಹತ್ತು ತಿಂಗಳ ಹಿಂದೆಯೇ ಹೇಳಬಹುದಿತ್ತು. ಮುದುಕನ ಹತ್ತು ತಿಂಗಳು ತನ್ನ ಗೆರೆಯ ಅಡಿಯಲ್ಲಿ ಹೋದವು. ಕೆಳಗಿಳಿದವನು ಬಾಬಾಸಾಬನಿಗೆ ಒಂದು ಮಾತು ಹೇಳುವುದನ್ನೂ ಮರೆತ.

ಸಂಜೆ ಮಠದಲ್ಲಿ ಪುರಾಣದ ಗಂಟೆಯಾಯಿತು. ಪಾರಮ್ಮ ಸೆರಗು ಸರಿಮಾಡಿಕೊಂಡು, “ಬರೂದಿಲ್ಲೇನ್ರಿ? ಹುಟ್ಟಿದಾಗಿನಿಂದ ತಪ್ಪಿಸಿಲ್ಲ” ಎಂದಳು.

“ಇವತ್ತು ನೀ ಕೇಳಿ ಬಾ ಪಾರವ್ವ. ನಂದೊಂದು ಹೇಳೂದು ಉಳದೈತಿ.”

ಅವಳು ಹೋಗಲಿಲ್ಲ. ಬಾಗಿಲ ಬಳಿ ಕುಳಿತಳು. ಆರೂಕಾಲಿಗೆ ಶಬ್ಬೀರಸಾಬ ಗೋಣಿಚೀಲ, ಹಗ್ಗ ಹಿಡಿದು ಬಂದ. ಸೆಟ್ಟಿನ ಮುಂದೆ ಬಿಳಿ ಹಾಳೆ ಕಂಡು ಅವನ ಹುಬ್ಬು ಗಂಟಾಯಿತು.

“ಏನ್ ಕಳಸಾಕ ನಿಂತೀರಿ? ಲಡಾಯಿ ಟೈಮ್ ಐತಿ. ಗಾಡಿ ನಂಬರ, ಊರ ಹೆಸರ ಪರದೇಶಕ್ಕ ಹ್ವಾದ್ರ ನಿಮ್ಮನ್ನೂ ಬಿಡೂದಿಲ್ಲ, ನನ್ನನ್ನೂ ಬಿಡೂದಿಲ್ಲ.”

“ಗಾಡಿ ನಂಬರ ಇಲ್ಲ, ಊರ ಹೆಸರ ಇಲ್ರಿ. ಒಬ್ಬ ಮುದುಕ ಸಾಯೂದ್ರೊಳಗ ಕೇಳಬೇಕಾದ ಮಾತು, ಅವ ಬಡದ ಬಾಯ್ಲರಿನ ನಂಬರಷ್ಟ ಐತಿ.” ಗವಿಸಿದ್ದಪ್ಪ ಹಾಳೆ ಎತ್ತಿ ಕನ್ನಡದಲ್ಲಿ ಓದಿ ಹೇಳಿದ: “6142 ಜೀವಂತ ಐತಿ. ಬ್ಯಾರೆ ಮೈಯಾಗ ಐತಿ. ದಿನಾ ನನ್ನ ಮುಂದ ಹಾದೈತಿ. ನಾ ನೋಡಲಿಲ್ಲ. ಕ್ಷಮಿಸು.”

“ಇನ್ನೊಮ್ಮೆ ಓದ್ರಿ.”

ಓದಿದ. ಶಬ್ಬೀರಸಾಬ ಟೊಪ್ಪಿಗೆ ತೆಗೆದ. ಸೆಟ್ಟಿಗೆ ಬೆನ್ನು ಮಾಡಿ ಬೀದಿಯತ್ತ ಮುಖಹಾಕಿ ಕುಳಿತು ಅದನ್ನು ಮಡಿಲಲ್ಲಿಟ್ಟುಕೊಂಡ.

ಗವಿಸಿದ್ದಪ್ಪ ಹೆಡ್‌ಫೋನ್ ಹಾಕಿಕೊಂಡು ಕೀ ಮೇಲೆ ಬೆರಳಿಟ್ಟ. ಗಾಳಿ ಎಂದೂ ಇಷ್ಟು ಬರಿದಾಗಿರಲಿಲ್ಲ. ದಿನವೂ ಜಾತ್ರೆಯಂತೆ ಗದ್ದಲವೆದ್ದಿರುತ್ತಿದ್ದ ಕಡೆ ಒಬ್ಬರ ಕೈಯೂ ಕೇಳಲಿಲ್ಲ. ಮೊದಲ ಸಲ ನಿಧಾನ ಬಡಿದ. ಎರಡನೆಯ ಸಲ ಇನ್ನೂ ನಿಧಾನ, ಕೇಳುವವರಿಗೆ ಒಂದಕ್ಷರವೂ ತಪ್ಪದಂತೆ ಪುರಾಣದ ಶಾಸ್ತ್ರಿಗಳು ಪದ್ಯ ಬಿಡಿಸಿ ಓದುವ ಹಾಗೆ. ಮೂರನೆಯ ಸಲ ಮುಗಿಸುವ ಹೊತ್ತಿಗೆ ಬ್ಯಾಟರಿ ಸೋತಿತ್ತು. ಕಿವಿಗೊಟ್ಟ. ಉತ್ತರವಿಲ್ಲ.

ಏರಿಯಲ್ ತಂತಿಯನ್ನು ತಾನೇ ಮಾಳಿಗೆ ಹತ್ತಿ ಬಿಚ್ಚಿದ. ಸುರುಳಿ ಸುತ್ತಿ ಶಬ್ಬೀರಸಾಬನ ಕೈಗೆ ಕೊಟ್ಟ. ಪಾರಮ್ಮ ದೀಪ ಹಚ್ಚಿದಳು.

ಮರುದಿನದಿಂದ ಅಡ್ಡಗೆರೆ ನಿಂತಿತು. ಗಾಡಿ ಬಂದಾಗಲೆಲ್ಲ ಪುಸ್ತಕದಲ್ಲಿ 6142 ಎಂದು ಬರೆದ. ನಲವತ್ತೆರಡರಲ್ಲಿ 131 ಬರುವುದು ನಿಂತಿತು. ಲಡಾಯಿಯ ಕೆಲಸಕ್ಕೆ ಹಡಗು ಹತ್ತಿಸಿದರು ಎಂದು ಬಾಬಾಸಾಬ ಹೇಳಿದ. ಎಲ್ಲಿಗೆ ಎಂದು ಅವನಿಗೂ ಗೊತ್ತಿರಲಿಲ್ಲ.

ನಲವತ್ತಾರರ ಬೇಸಿಗೆಯಲ್ಲಿ ಗ್ಲಾಸ್ಗೊದಿಂದ ಒಂದು ಕಾರ್ಡು ಬಂತು. ಗಾಳಿಯಲ್ಲಿ ಕೇಳಿದ್ದಕ್ಕೆ ಸಾಕ್ಷಿಯಾಗಿ ಈ ಹವ್ಯಾಸದವರು ಒಬ್ಬರಿಗೊಬ್ಬರು ಕಳಿಸುವ ಕಾರ್ಡು. ಏಳು ವರ್ಷದ ಹಿಂದಿನ ಆ ಸೋಮವಾರದ ತಾರೀಖು, ವೇಳೆ, ಸದ್ದು ಎಷ್ಟು ಕ್ಷೀಣವಾಗಿತ್ತೆಂಬ ಅಂಕಿ ಅದರಲ್ಲಿದ್ದವು. ಕೆಳಗೆ ಜೇಮ್ಸ್ ಬರೆದಿದ್ದ: ‘6142 ಜೀವಂತ ಎಂಬುದಷ್ಟೇ ಸಿಕ್ಕಿತು, ಉಳಿದದ್ದು ಸದ್ದಿನಲ್ಲಿ ಮುಳುಗಿತು. ಸಿಕ್ಕಿದ್ದನ್ನು ಅಪ್ಪನ ಅಂಗೈ ಮೇಲೆ ಬೆರಳಿನಿಂದ ಬರೆದೆ. ಅವನು ಕೈ ಮುಚ್ಚಿಕೊಂಡ. ಆ ಚಳಿಗಾಲ ತೀರಿಕೊಂಡ. ನೀನು ಮುಂದೆ ಇನ್ನೇನೋ ಹೇಳುತ್ತಿದ್ದೆ. ಏನದು?’

ಗವಿಸಿದ್ದಪ್ಪ ಕಾರ್ಡನ್ನು ದೇವರ ಜಗುಲಿಯ ಮೇಲಿಟ್ಟ.

“ಮುದುಕಗ ಮುಟ್ಟೇತಲ್ರಿ” ಎಂದಳು ಪಾರಮ್ಮ. “ಸಾಕಲ್ಲ?”

“ಅವಗ ಸಾಕಾಗೈತಿ. ನನ್ನ ಮಾತು ಇನ್ನೂ ಮುಟ್ಟಿಲ್ಲ.”

ಸೆಟ್ಟು ಇನ್ನೂ ಕಚೇರಿಯಲ್ಲೇ ಇತ್ತು. ಒಂದು ಅಂಚೆ ಹಾಳೆ ತೆಗೆದುಕೊಂಡು, ಅಡ್ಡಗೆರೆಗಳ ವಿಷಯವನ್ನು ಮೊದಲಿನಿಂದ ಬರೆದ. ಬಾಯ್ಲರ್ ಈಗ ಎಲ್ಲಿದೆಯೋ ತನಗೆ ಗೊತ್ತಿಲ್ಲವೆಂದೂ ಬರೆದ. ಮಧ್ಯಾಹ್ನದ ಗಾಡಿಗೆ ವೇಳೆಯಾಗಿತ್ತು. ಕಾಗದವನ್ನು ಡಬ್ಬಿಗೆ ಹಾಕಿ, ಹೆಗಲ ಮೇಲೊಂದು ಹಳೆಯ ಅರಿವೆ ಹಾಕಿಕೊಂಡು ಸ್ಟೇಶನ್ನಿಗೆ ನಡೆದ.

ಬಂದದ್ದು ಬೇರೆ ಇಂಜಿನ್, ಹೊಸ ಡ್ರೈವರ. ಗವಿಸಿದ್ದಪ್ಪ ಅದರ ಹಿತ್ತಾಳೆಯ ನಂಬರು ನೋಡಲಿಲ್ಲ.

“ಒಳಗ ಸ್ವಲ್ಪ ಒರಸಿ ನೋಡಲೇನ್ರಿ?” ಎಂದು ಕೇಳಿ ಮೇಲೆ ಹತ್ತಿದ.