ಹೆಸರು ಕೂಗಿ ನೋಡುವ ಆಮ್ರಪಾಲಿ

ಬೀದರಿನ ಮೇ ತಿಂಗಳ ಬಿಸಿಲಿಗೆ ಕಾಗೆ ಕೂಡ ನೆರಳು ಬಿಟ್ಟು ಕದಲದ ಹೊತ್ತಿನಲ್ಲಿ, ಹೆಗಲ ಮೇಲೆ ಕರಿಯ ಕಂಬಳಿ ಹಾಕಿಕೊಂಡು, ಎಡಗಾಲನ್ನು ತುಸು ಎಳೆಯುತ್ತ, ಆದರೂ ಎಲ್ಲರನ್ನೂ ಹಿಂದೆ ಹಾಕಿ ಸರಸರನೆ ನಡೆಯುವ ಹೆಂಗಸನ್ನು ಕಂಡರೆ ಹೊಸಬರು ನಕ್ಕೇ ನಗುತ್ತಾರೆ. ನಗಲಿ ಬಿಡಿ. ಆಕೆ ಮೈಲೂರಿನ ಆಮ್ರಪಾಲಿ. ಊರಿನ ಕಾಲೇಜೊಂದರ ಮೇಲ್ ಸರ್ವರ್ ನೋಡಿಕೊಳ್ಳುವವಳು. ಸರ್ವರ್ ಕೋಣೆಯ ಎ.ಸಿ. ಹಗಲಿರುಳೂ ಹಲ್ಲು ಕಟಕಟಿಸುವಷ್ಟು ತಂಪು ಸುರಿಯುತ್ತದೆ. ಅದಕ್ಕೆ ಔರಾದ ಸಂತೆಯ ಕಂಬಳಿಗಿಂತ ಮಿಗಿಲಾದ ಮದ್ದಿಲ್ಲ ಎಂಬುದು ಆಕೆಯ ಅಚಲ ಸಿದ್ಧಾಂತ.

ಆಕೆಗೆ ಇನ್ನೊಂದು ವಿಚಿತ್ರ ರೂಢಿಯಿದೆ. ನಿವೃತ್ತರ, ಕೆಲಸ ಬಿಟ್ಟವರ ಮೇಲ್‌ಬಾಕ್ಸ್ ಅಳಿಸುವ ಮುನ್ನ ಪರದೆಯ ಮೇಲಿನ ಹೆಸರನ್ನು ಹಾಜರಿ ಕರೆಯುವ ಮಾಸ್ತರರಂತೆ ಗಟ್ಟಿಯಾಗಿ ಕೂಗುತ್ತಾಳೆ. ಕೂಗಿ, ಯಾರಾದರೂ ಓಗೊಟ್ಟಾರೇನೋ ಎಂದು ಒಂದು ಗಳಿಗೆ ಸುಮ್ಮನೆ ಕಾಯುತ್ತಾಳೆ. ಇದೆಂಥ ಹುಚ್ಚು ಎಂದು ಕೇಳಿದರೆ, "ಒಬ್ಬರ ಇಷ್ಟು ವರ್ಷದ ಬದುಕು ಅಳಸ್ತೀವಿ. ಒಂದ್ಸಲ ಹೆಸರು ಹಿಡದು ಕರೀಲಿಲ್ಲಂದ್ರ ಹ್ಯಾಂಗರಿ?" ಎನ್ನುತ್ತಾಳೆ. ಏನೋ ಕಳೆದುಹೋಯಿತೆಂದು ಯಾರು ಗೋಳಾಡುತ್ತ ಬಂದರೂ ಆಕೆಯ ಮೊದಲ ಮಾತು ಒಂದೇ: "ಎಲ್ಲಿ ಹೋಗ್ತದರಿ? ಇಲ್ಲೇ ಇರ್ತದ."

ಅಂಥ ಆಮ್ರಪಾಲಿ ಅಕ್ಕನ ಮಗಳ ಬಾಣಂತನಕ್ಕೆಂದು ರಜೆ ಹಾಕಿದಾಗಲೇ ಎಡವಟ್ಟಾಯಿತು. ಕಾಲೇಜಿನ ಉಪನ್ಯಾಸಕಿ ಸಿದ್ದೇಶ್ವರಿ, ಔರಾದ ಕಡೆಯ ಕುರಿ ಸಾಕುವ ಮಡೆಪ್ಪನ ಮಗಳು. ಹಿಂಡುಗಳ ಹಿಂದೆ ಅಲೆದಲೆದು ಕುರಿಗಾಹಿಗಳ ಮನೆಮದ್ದಿನ ಮೇಲೆ ಪಿಎಚ್‌.ಡಿ. ಪ್ರಬಂಧ ಬರೆಯುತ್ತಿದ್ದವಳು. ಫೋನಿನಲ್ಲಿ ಜಾಗ ಸಾಲದೆ, ಬರೆದ ಅಧ್ಯಾಯಗಳನ್ನೂ ರೆಕಾರ್ಡ್ ಮಾಡಿಕೊಂಡ ಮಾತುಗಳನ್ನೂ ತನಗೇ ಮೇಲ್ ಮಾಡಿಕೊಂಡು ಫೋನಿನಿಂದ ತೆಗೆದುಬಿಡುತ್ತಿದ್ದಳು. ಆಕೆಗೆ ಮದುವೆಯಾಯಿತು. ಗಂಡನ ಮನೆಯ ಪದ್ಧತಿಯಂತೆ ತಾಟಿನಲ್ಲಿ ಅಕ್ಕಿ ಹರವಿ, ಉಂಗುರದಿಂದ ಹೊಸ ಹೆಸರು ಬರೆಸಿದರು: ಸುಹಾಸಿನಿ. ಕಾಲೇಜಿಗೂ ಆ ಹೆಸರೇ ಹೋಯಿತು. ಆಫೀಸಿನ ಸತೀಶಕುಮಾರ ಸುಹಾಸಿನಿಗೆ ಹೊಸ ಮೇಲ್‌ಬಾಕ್ಸ್ ತೆರೆದ, ಸಿದ್ದೇಶ್ವರಿಯದನ್ನು ಅಳಿಸಿದ. ಅಷ್ಟೇ!

ಅಳಿಸಿದ ಮೇಲ್‌ಬಾಕ್ಸ್ ಒಂದು ತಿಂಗಳು ಸರ್ವರ್‌ನೊಳಗೆ ವಾರಸುದಾರರಿಲ್ಲದೆ ಬಿದ್ದಿರುತ್ತದೆ. ಆಮೇಲೆ ಸರ್ವರೇ ಅದನ್ನು ಗುಡಿಸಿ ಹಾಕುತ್ತದೆ. ಮದುವೆಯ ರಜೆ ಮುಗಿಸಿ ಸಿದ್ದೇಶ್ವರಿ ಬರುವಷ್ಟರಲ್ಲಿ ಆ ತಿಂಗಳು ಕಳೆದಿತ್ತು. ಪ್ರಬಂಧ ಸಲ್ಲಿಸುವ ಕಡೆಯ ದಿನವೂ ಹತ್ತಿರ ಬಂದಿತ್ತು. ಅದು ತಪ್ಪಿದರೆ ನೋಂದಣಿಯೇ ರದ್ದು.

"ಆ ಹೆಸರಿನವ್ರು ಈಗ ಇಲ್ಲಲ್ರಿ ಮೇಡಂ," ಎಂದ ಸತೀಶಕುಮಾರ.

ರಜೆ ಮುಗಿಸಿ ಬಂದಿದ್ದ ಆಮ್ರಪಾಲಿಗೆ ಸಿಟ್ಟು ನೆತ್ತಿಗೇರಿತು. "ಇಲ್ಲೇ ನಿಂತು ಅಳ್ಳಿಕತ್ತಾಳ, ಕಣ್ಣಿಗಿ ಕಾಣಂಗಿಲ್ಲೇನ್ರಿ?"

"ಹೋಗಿದ್ದು ಹೋಯ್ತು. ಮತ್ತ ಬರದ್ರಾಯ್ತಲ್ರಿ."

"ಯಾಕ, ಕುರಿ ಹಿಂದ ಮತ್ತ ನೀವು ತಿರಗ್ತೀರೇನು?"

ಆಮ್ರಪಾಲಿ ಹಳೆಯ ಮೇಲ್‌ಗಳ ಪ್ರತಿಯಿದ್ದ ಬೀದರಿನ ಬ್ಯಾಕಪ್ ಡಿಸ್ಕನ್ನು ಸರ್ವರಿಗೆ ಹಚ್ಚಿದಳು. ಅರ್ಧಕ್ಕೆ ನಿಂತಿತು. ಮತ್ತೆ ಹಚ್ಚಿದಳು, ಅಲ್ಲೇ ನಿಂತಿತು. ಕಂಬಳಿ ಬಿಗಿಯಾಗಿ ಸುತ್ತಿಕೊಂಡು ಇನ್ನೊಮ್ಮೆ ಹಚ್ಚಿದಳು. ಡಿಸ್ಕೇ ಕೆಟ್ಟಿದೆಯೆಂದು ಖಾತ್ರಿಯಾದ ಮೇಲೆ ಎದ್ದಳು. ಹಿಂದೊಮ್ಮೆ ಸಿಡಿಲಿಗೆ ಯಂತ್ರ ಸುಟ್ಟಾಗಿನಿಂದ ಇನ್ನೊಂದು ಪ್ರತಿಯನ್ನು ಕಾಲೇಜಿನ ಭಾಲ್ಕಿ ಶಾಖೆಯಲ್ಲಿ ಇಡಿಸುತ್ತಿದ್ದಳು. ಇಬ್ಬರೂ ಬಸ್ಸು ಹತ್ತಿದರು. ದಾರಿಯಲ್ಲಿ ಹಲಬರ್ಗಾ ದಾಟಿದ ಮೇಲೆ ಸಿದ್ದೇಶ್ವರಿ ಕೇಳಿದಳು:

"ಅಲ್ಲೂ ಸಿಗಲಿಲ್ಲಂದ್ರ ಅಕ್ಕೋರ?"

"ಸಿಗೂತನಕ ಹುಡಕೋದು ತಂಗಿ. ಅದಕ್ಕೇನು!"

ಭಾಲ್ಕಿಯಲ್ಲಿ ಲ್ಯಾಬ್ ನೋಡಿಕೊಳ್ಳುವ ಅಬ್ದುಲ ಅಜೀಜ, ಕಾಲೇಜಿನ ವಾರ್ಷಿಕ ಗ್ಯಾದರಿಂಗಿನ ವಿಡಿಯೊ ತುಂಬಲೆಂದು ಆ ಡಿಸ್ಕನ್ನೇ ಕೈಯಲ್ಲಿ ಹಿಡಿದು ಕೂತಿದ್ದ. "ಖಾಲಿ ಅದ ಅಂತ ತಿಳದಿದ್ದೆರಿ, ಈಗ ಸಾಫ್ ಮಾಡಾವ ಇದ್ದೆ," ಎಂದ. ದೇವರೇ! ನಾಯಿಯ ಬಾಯಿಂದ ಕುರಿಮರಿ ಬಿಡಿಸಿಕೊಳ್ಳುವ ಹಾಗೆ ಆಮ್ರಪಾಲಿ ಅದನ್ನು ಕಿತ್ತುಕೊಂಡಳು.

ಬೀದರಿಗೆ ಮರಳಿ ಡಿಸ್ಕ್ ಹಚ್ಚಿದರೆ, ಈ ಸಲ ಅರ್ಧಕ್ಕೆ ನಿಲ್ಲಲಿಲ್ಲ. ಎಲ್ಲ ಬಂದ ಮೇಲೆ ಸರ್ವರ್ ಕೇಳಿತು: ಇದನ್ನು ಯಾರ ಹೆಸರಿಗೆ ಜೋಡಿಸಬೇಕು?

"ಸುಹಾಸಿನಿ ಹೆಸರಿಗಿ ಜೋಡ್ಸಿಬಿಡ್ರಿ, ಜಲ್ದಿ ಆಗ್ತದ," ಎಂದ ಸತೀಶಕುಮಾರ.

ಆಮ್ರಪಾಲಿಯ ಬೆರಳುಗಳು ಕೀಲಿಮಣೆಯ ಮೇಲೆ ನಿಂತವು. ಹಿಂದೆ ನಿಂತವಳತ್ತ ಆಕೆ ತಿರುಗಲಿಲ್ಲ. ಪರದೆಯನ್ನೇ ನೋಡುತ್ತ, ತನ್ನ ಹಳೆಯ ರೂಢಿಯಂತೆ ಗಟ್ಟಿಯಾಗಿ ಕೂಗಿದಳು: "ಸಿದ್ದೇಶ್ವರಿ ಮಡೆಪ್ಪ!" ಕೂಗಿ ಕಾದಳು.

"ಇದ್ದೇನ್ರಿ," ಎಂದಿತು ಹಿಂದಿನ ದನಿ.

ಆ ಹೆಸರಿಗೇ ಜೋಡಿಸಿದಳು. ಅಧ್ಯಾಯಗಳು ಒಂದೊಂದಾಗಿ ಪರದೆ ತುಂಬಿದಾಗ ಸಿದ್ದೇಶ್ವರಿ ಆ ಕಂಬಳಿಯಲ್ಲೇ ಮುಖ ಹುದುಗಿಸಿ ಅತ್ತುಬಿಟ್ಟಳು. ಪ್ರಬಂಧ ಹೊತ್ತಿಗೆ ಸರಿಯಾಗಿ, ಅದೇ ಹೆಸರಿನಲ್ಲಿ ಸಲ್ಲಿಕೆಯಾಯಿತು.

'ಹೋಗಿದ್ದು ಹೋಯಿತು' ಎಂದು ಸಮಾಧಾನ ಹೇಳುವವರಿಗೆ ಲೋಕದಲ್ಲಿ ಎಂದೂ ಬರವಿಲ್ಲ. ಕಳೆದದ್ದು ತಮ್ಮದಲ್ಲದಾಗ ಆ ಮಾತು ಬಲು ಸಲೀಸು. ಆಮ್ರಪಾಲಿಯ ಜಾಯಮಾನದವರು ಮಾತ್ರ ಅಲ್ಲೊಬ್ಬರು ಇಲ್ಲೊಬ್ಬರು. ಅವರಿಗೆ ಸಮಾಧಾನ ಹೇಳಲು ಬರುವುದಿಲ್ಲ. ಎಲ್ಲರೂ ಇಲ್ಲವೆಂದವರನ್ನು ಹೆಸರು ಹಿಡಿದು ಕರೆಯುತ್ತಾರೆ, ಓಗೊಡುವ ತನಕ ಕಾಯುತ್ತಾರೆ.